ತಗಡಿಗೆ ಕಟ್ಟಿದ ಕಂಬಳಿ

ಮಾನ್ವಿಯ ಅಕ್ಕಿ ಗಿರಣಿಯ ಮ್ಯಾನೇಜರ್ ಪ್ರಭುರಾಜ ಅರಕೇರಾದ ಸಿದ್ದರಾಮಪ್ಪನ ಮನೆಗೆ ಬಂದಾಗ ಅವನ ಕೈಯಲ್ಲಿ ಎರಡು ವಸ್ತುಗಳಿದ್ದವು. ಒಂದು ಮೊಬೈಲು, ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಗೇಣುದ್ದದ ಕಂಬಳಿ ತುಂಡು. ಮೊಬೈಲಿನಲ್ಲಿದ್ದದ್ದನ್ನು ಮೊದಲು ಓದಿ ಕಂಬಳಿಯನ್ನು ಆಮೇಲೆ ತೋರಿಸಿದ್ದು ಅವನು ಮಾಡಿದ ತಪ್ಪು. ಕಂಬಳಿಯನ್ನು ಮೊದಲು ತೋರಿಸಿದ್ದರೆ ಒಂದು ಕಪ್ ಚಹಾ ಆದರೂ ಸಿಗುತ್ತಿತ್ತು.

ಅವನು ಓದಿದ್ದು ಇಷ್ಟು: "ಈ ಲಾರಿಯ ಚಾಲಕನ ಕಾಲು ಇಂಜಿನ್ನಿನ ಕಾವಿಗೆ ಸುಡಬಾರದೆಂದು ನಮ್ಮ ತೀರ್ಥರೂಪರು ಕರುಣೆಯಿಂದ ತಮ್ಮ ಮನೆಯ ಕೈಮಗ್ಗದ ಕಂಬಳಿಯನ್ನು ಹಾಕಿಸಿಕೊಟ್ಟಿದ್ದರು."

ಹೊರಸಿನ ಮೇಲೆ ಕೂತಿದ್ದ ಸಿದ್ದರಾಮಪ್ಪ ಎದ್ದು ನಿಂತ.

"ಏನಂದಿ? ಇನ್ನೊಮ್ಮಿ ಓದು."

ಮುದುಕನಿಗೆ ಹಿಡಿಸಿತು ಎಂದುಕೊಂಡ ಪ್ರಭುರಾಜ ಗಂಟಲು ಸರಿಮಾಡಿಕೊಂಡು, 'ಕರುಣೆಯಿಂದ' ಎನ್ನುವಲ್ಲಿ ಸ್ವಲ್ಪ ಎಳೆದು, ಮತ್ತೊಮ್ಮೆ ಓದಿದ.

"ಯಾರ ಕರುಣೆ?"

"ದೊಡ್ಡ ಸಾವ್ಕಾರ್ದು, ಕಾಕಾ."

"ಯಾರ ಕಂಬಳಿ?"

"ಸಾವ್ಕಾರ್ರ ಮನಿದು. ನೀವ ಅಂದಿದ್ರಲ್ರಿ ಫೋನಿನ್ಯಾಗ."

ಸಿದ್ದರಾಮಪ್ಪನ ಸಿಟ್ಟು ಅರಕೇರಾಕ್ಕೆ ಹೊಸದಲ್ಲ. ಬಸ್ಸು ತಡವಾಗಿ ಬಂದರೆ ಅವನು ಕಂಡಕ್ಟರನ ಮೇಲೆ ರೇಗುತ್ತಿದ್ದ, ಹೊತ್ತಿಗೆ ಸರಿಯಾಗಿ ಬಂದರೆ ಇಷ್ಟು ದಿನ ಯಾಕೆ ಹೀಗೆ ಬರಲಿಲ್ಲ ಎಂದು ರೇಗುತ್ತಿದ್ದ. ಆದರೆ ಅವತ್ತು ಬಂದ ಸಿಟ್ಟು ಆ ಜಾತಿಯದಲ್ಲ. ಅವನಿಗೆ ಒಂದು ಗಳಿಗೆ ಮಾತೇ ಹೊರಡಲಿಲ್ಲ, ಮತ್ತು ಸಿದ್ದರಾಮಪ್ಪನಿಗೆ ಮಾತು ಹೊರಡದ್ದನ್ನು ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಸಂಗತಿ ಹೀಗಿತ್ತು. ಸಿದ್ದರಾಮಪ್ಪ ಇಪ್ಪತ್ತಾರು ವರ್ಷ ಆ ಗಿರಣಿಯ ಲಾರಿ ಓಡಿಸಿದವನು. ಉದ್ದ ಮೂತಿಯ ಹಳೆಯ ಲಾರಿ ಅದು. ಆ ಕಾಲದಲ್ಲಿ ಕಂಪನಿಯಿಂದ ಬರುತ್ತಿದ್ದದ್ದು ಗಾಲಿ, ಇಂಜಿನ್ನು, ಅದರ ಮೂತಿ, ಮೂತಿಯ ಹಿಂದೆ ಒಂದು ತಗಡು, ಅಷ್ಟೇ. ಡ್ರೈವರು ಕೂರುವ ಕ್ಯಾಬಿನ್ನು, ಹಿಂದಿನ ಡಬ್ಬಿ ಎಲ್ಲವನ್ನೂ ಮಾಲೀಕನೇ ತನಗೆ ಬೇಕಾದ ಹಾಗೆ ಕಟ್ಟಿಸಿಕೊಳ್ಳಬೇಕು. ಈಗಿನ ಸಾಹುಕಾರ ಈರಯ್ಯನ ತಂದೆ ದೊಡ್ಡ ಸಾಹುಕಾರರು ಅದನ್ನು ಶೋಕಿಯಿಂದಲೇ ಕಟ್ಟಿಸಿದರು. ಸಾಗವಾನಿ ಕಟ್ಟಿಗೆ, ನೆತ್ತಿಯ ಮೇಲೆ ಬಸವಣ್ಣನ ಚಿತ್ರ, ಕಿಟಕಿಗೆ ಜೂಲು, ಎರಡು ಬದಿಗೆ ಕನ್ನಡಿ, ಏನೂ ಕಡಿಮೆ ಇರಲಿಲ್ಲ. ಕಡಿಮೆಯಾದದ್ದು ಒಂದೇ ಜಾಗದಲ್ಲಿ. ಇಂಜಿನ್ನಿಗೂ ಡ್ರೈವರನ ಕಾಲಿಗೂ ನಡುವೆ ಇರುವ ಆ ತಗಡಿಗೆ ಒಳಗಿನಿಂದ ದಪ್ಪ ರಟ್ಟನ್ನೋ ಗೋಣಿ ತಟ್ಟನ್ನೋ ಬಡಿಸುವುದು ರೂಢಿ. ಅದನ್ನು ಅವರು ಬಡಿಸಲಿಲ್ಲ. ಅದು ಹೊರಗಿನಿಂದ ಕಾಣುವ ಜಾಗವಲ್ಲವಲ್ಲ.

ಪ್ರತಿ ದಸರೆಗೆ ಗಾಡಿ ಪೂಜೆಯಾದ ಮೇಲೆ ಸಿದ್ದರಾಮಪ್ಪ ಸಾಹುಕಾರರು ಕೂರುವ ಗಾದಿಯ ಮುಂದೆ ನಿಂತು ಕೇಳುತ್ತಿದ್ದ. "ಸುಗ್ಗಿ ಮುಗೀಲಿ, ಹಾಕ್ಸೋಣು" ಎಂದು ದೊಡ್ಡ ಸಾಹುಕಾರರು ಅನ್ನುತ್ತಿದ್ದರು. ಸುಗ್ಗಿಗಳು ಒಂದಾದ ಮೇಲೊಂದು ಮುಗಿದವು. ಮೊದಲ ವರ್ಷವೇ ಸಿದ್ದರಾಮಪ್ಪನ ಬಲಗಾಲಿನ ಮುಂಭಾಗ, ಮೊಣಕಾಲಿನ ಕೆಳಗೆ, ಕಪ್ಪಾಗಿ, ಕೂದಲು ಹುಟ್ಟದ ಹಾಗೆ ಆಗಿ, ಹಾಗೆಯೇ ಉಳಿಯಿತು.

ಕಂಬಳಿ ಬಂದದ್ದು ಎರಡನೆಯ ವರ್ಷ. ಕಾಲಿನ ಬೊಬ್ಬೆ ನೋಡಿದ ಹೆಂಡತಿ ಆದೆಮ್ಮ ಏನೂ ಅನ್ನದೆ ಒಳಗೆ ಹೋಗಿ ತನ್ನ ಮದುವೆಯ ಕಂಬಳಿ ತಂದಳು. ತವರಿನ ಕರಿ ಕುರಿಗಳ ಉಣ್ಣೆಯನ್ನು ಅವಳೇ ನೂತಿದ್ದಳು, ಅವಳ ತಂದೆ ಕುಣಿಮಗ್ಗದಲ್ಲಿ ಕೂತು ಕೆಂಪು ಅಂಚು ಕೊಟ್ಟು ನೇಯ್ದಿದ್ದ. ಮದುಮಕ್ಕಳನ್ನು ಕೂರಿಸಿದ ಕಂಬಳಿಯೆಂದರೆ ಕುರಿ ಕಾಯುವವರ ಮನೆಗಳಲ್ಲಿ ದೇವರ ಗದ್ದುಗೆಗೆ ಹಾಸುವಷ್ಟು ಶುಚಿ. ಅಂಥದ್ದನ್ನು ಆದೆಮ್ಮ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದಲೇ ಎರಡು ಪಾಲು ಮಾಡಿ, ಒಂದನ್ನು ಮಡಚಿ ಗಂಡನ ಕೈಗಿಟ್ಟಳು. "ತಗಡಿಗೆ ಕಟ್ಟು. ಕಾಲು ತಾಗಿದ್ರ ತಾಗ್ಲಿ, ಚಪ್ಪಲಿ ಮಾತ್ರ ತಾಗಬಾರ್ದು ನೋಡು" ಎಂದಳು.

ಅಂದಿನಿಂದ ಸಿದ್ದರಾಮಪ್ಪ ಬರಿಗಾಲಲ್ಲಿ ಲಾರಿ ಓಡಿಸಿದ. ತಗಡಿನ ಕಾವಿನಿಂದ ಪಾರಾದ ಕಾಲು ಪೆಡಲಿನ ಕಬ್ಬಿಣಕ್ಕೆ ಸಿಕ್ಕಿತು. ಅಂಗಾಲು ಸುಟ್ಟು ಸುಟ್ಟು ದಪ್ಪಗಾಯಿತು. ರಾಯಚೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಉಳಿದ ಡ್ರೈವರುಗಳು ಅವನಿಗೆ 'ಬರಿಗಾಲ ಸಿದ್ದ' ಎಂದು ಹೆಸರಿಟ್ಟು ನಕ್ಕರು. ಕಂಬಳಿ ತೆಗೆದು ಚಪ್ಪಲಿ ಹಾಕಿಕೋ, ಇಲ್ಲ ಚಪ್ಪಲಿ ಹಾಕಿಕೊಂಡೇ ಕಂಬಳಿ ತುಳಿ, ಎರಡರಲ್ಲಿ ಒಂದು ಮಾಡು ಎಂದು ಅವರು ಹೇಳದ ದಿನವಿಲ್ಲ. ಎರಡೂ ಅವನಿಂದ ಆಗಲಿಲ್ಲ. ಇದನ್ನು ದಡ್ಡತನ ಎನ್ನುವವರು ಬೇಕಾದರೆ ಎನ್ನಲಿ, ಅವರ ಮದುವೆಗೆ ಯಾರೂ ಕಂಬಳಿ ನೇಯ್ದಿರಲಿಕ್ಕಿಲ್ಲ.

ಲಾರಿ ದುಡಿದು ಸಾಕಾಗಿ ಗಿರಣಿಯ ಹಿಂದೆ ಬೇವಿನ ಮರದ ಕೆಳಗೆ ನಿಂತು ಇಪ್ಪತ್ತು ವರ್ಷವಾಗಿತ್ತು. ಈಗ ಗಿರಣಿಗೆ ಐವತ್ತು ತುಂಬುತ್ತದೆಂದು ಈರಯ್ಯ ಅದನ್ನು ರಾಯಚೂರಿಗೆ ಎಳೆಸಿ ಹೊಸದಾಗಿ ಕಟ್ಟಿಸುತ್ತಿದ್ದ. ಬಿಚ್ಚುವಾಗ ಒಳಗೆ ಎಣ್ಣೆ, ಮಸಿ, ಧೂಳು ಕುಡಿದ ಕಂಬಳಿ ಸಿಕ್ಕಿತು. ಇದೆಲ್ಲಿಯದು ಎಂದು ಪ್ರಭುರಾಜ ಫೋನಿನಲ್ಲಿ ಕೇಳಿದಾಗ ಸಿದ್ದರಾಮಪ್ಪ ಇದ್ದದ್ದನ್ನೇ ಹೇಳಿದ್ದ: "ಮನ್ಯಾಗಿಂದು." ಆದರೆ ಗಿರಣಿಯಲ್ಲಿ 'ಮನಿ' ಎಂದರೆ ಒಂದೇ ಮನೆ. ಮನಿಗೆ ಅಕ್ಕಿ ಕಳಿಸು, ಮನಿಯಿಂದ ಬುತ್ತಿ ಬಂತು, ಮನಿಯವರು ಕರೆದಿದ್ದಾರೆ ಎಂದರೆ ಅದು ಸಾಹುಕಾರರ ಮನೆಯೇ. ಹಾಗಾಗಿ 'ಮನ್ಯಾಗಿಂದು' ಎಂಬ ಒಂದು ಮಾತು ಫೋನಿನ ಈ ತುದಿಯಲ್ಲಿ ಅರಕೇರಾದ ಮನೆಯಿಂದ ಹೊರಟು ಆ ತುದಿಯಲ್ಲಿ ಮಾನ್ವಿಯ ದೊಡ್ಡ ಮನೆಯನ್ನು ಹೊಕ್ಕಿತು.

"ಇದ್ರಂಗ ಒಂದು ಹೊಸಾದು ಬೇಕ್ರಿ" ಎನ್ನುತ್ತ ಪ್ರಭುರಾಜ ಚೀಲದೊಳಗಿನ ತುಂಡನ್ನು ಆದೆಮ್ಮನ ಮುಂದೆ ಚಾಚಿದ. ಅವಳು ಈಗಲೂ ಉಣ್ಣೆ ನೂಲುತ್ತಿದ್ದಳು, ಅವಳ ತಮ್ಮ ನೇಯುತ್ತಿದ್ದ. ಆದೆಮ್ಮ ತುಂಡನ್ನು ಹೆಬ್ಬೆರಳಿನಿಂದ ಉಜ್ಜಿದಳು. ಮಸಿಯ ಕೆಳಗೆ ಕೆಂಪು ಅಂಚು ಕಂಡಿತು. ಮೂಗಿನ ಹತ್ತಿರ ಹಿಡಿದು ನೋಡಿ, ಕಟ್ಟೆಯ ಮೇಲಿಟ್ಟು, ಮತ್ತೆ ರಾಟೆಯ ಮುಂದೆ ಕೂತಳು. ಅವಳು ಮಾತಾಡಲು ಜಾಗವೂ ಇರಲಿಲ್ಲ, ಅಷ್ಟರಲ್ಲಿ ಗಂಡನಿಗೆ ಮಾತು ವಾಪಸು ಬಂದಿತ್ತು.

"ನನ್ನ ಕಂಬಳಿ ನಿಮ್ಮ ಸಾವ್ಕಾರಂದು ಯಾವಾಗಾತು? ಹಾಂ? ನನ್ನ ಕಾಲು ಸುಟ್ಟದ್ದು, ನನ್ನ ಕಂಬಳಿ, ಕರುಣೆ ಅವ್ರಪ್ಪಂದೇನು? ಸುಗ್ಗಿ ಮುಗೀಲಿ, ಸುಗ್ಗಿ ಮುಗೀಲಿ ಅಂದು ಅಂದು ಮುದುಕ ತಾನ ಮುಗದ. ಈಗ ಕರುಣೆ ಅಂತ, ಕರುಣೆ!"

"ಯಪ್ಪಾ, ನನ್ನ ಮ್ಯಾಗ ಯಾಕ ಸಿಟ್ಟು ಮಾಡ್ತೀರಿ? ಇದನ್ನ ಕಲ್ಲಿನ್ಯಾಗ ಕೆತ್ತಿಸಿ ಗಾಡಿ ಮುಂದ ನಿಲ್ಲಸ್ತಾರಂತ. ಬುಧವಾರ ಹೈದರಾಬಾದಿಂದ ಹಳೇ ಗಾಡಿ ಸಂಘದ ಮೇಡಂ ಬರ್ತಾರ, ಗಾಡ್ಯಾಗ ಮೊದಲ ಏನೇನಿತ್ತು ಅಂತ ಬರ್ಕೋತಾರ. ಗಾಡಿ ಓಡ್ಸಿದವ್ರು ನೀವೊಬ್ರ. ನಿಮ್ಮ ಮಾತಿಗೇ ಅವ್ರು ಬೆಲಿ ಕೊಡೋದು. ನೀವು ಬಂದು ಹೂಂ ಅಂದ್ರ ಸಾಕು ಅಂದಾರ ಸಾವ್ಕಾರ್ರು."

"ಹೂಂ ಅಂತೀನಿ, ತಡಿ" ಎಂದ ಸಿದ್ದರಾಮಪ್ಪ. "ಬಂದ ಬರ್ತೀನಿ. ನನ್ನ ಜೀವ ಇರೋ ತನಕ ಆ ಕಲ್ಲು ಅಲ್ಲಿ ನಿಲ್ಲಂಗಿಲ್ಲ."

ಬುಧವಾರ ಬೆಳಗ್ಗೆ ಅವನು ದೇವದುರ್ಗದಲ್ಲಿ ಬಸ್ಸು ಬದಲಿಸಿ ರಾಯಚೂರಿಗೆ ಹೋದ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಬಾಯಲ್ಲೇ ಅಂದುಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಎದ್ದು ಬೇರೆ ಸೀಟಿಗೆ ಹೋದಳು.

ಗಂಜಿನ ಹಿಂದೆ ಸಲಾವುದ್ದೀನನ ಶೆಡ್ಡು. ಲಾರಿಯ ಬಾಡಿ ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ಆ ಊರಲ್ಲಿ ಕಡಿಮೆ. ಒಳಗೆ ತನ್ನ ಹಳೆಯ ಗಾಡಿ ಹೊಸ ಕೆಂಪು ಬಣ್ಣ ಬಳಿದುಕೊಂಡು ನಿಂತದ್ದನ್ನು ಕಂಡು ಸಿದ್ದರಾಮಪ್ಪನಿಗೆ ಒಂದು ಕ್ಷಣ ಬಂದ ಕೆಲಸವೇ ಮರೆತುಹೋಯಿತು. ಮೂತಿಯ ಮೇಲೆ ಕೈಯಾಡಿಸಿದ. ಆಮೇಲೆ ಬಾಗಿಲು ತೆಗೆದು ಒಳಗೆ ನೋಡಿದ. ನಡುವಿನ ತಗಡು ಬೋಳಾಗಿ, ತಿಕ್ಕಿ ತೊಳೆದು, ಬೆಳ್ಳಗೆ ಹೊಳೆಯುತ್ತಿತ್ತು. ಸಿಟ್ಟು ಹೋದ ದಾರಿಯಲ್ಲೇ ತಿರುಗಿ ಬಂತು.

"ಬರ್ರಿ ಕಾಕಾ, ಬರ್ರಿ. ಚಾ ಕುಡೀರಿ" ಎಂದ ಸಲಾವುದ್ದೀನ್. ಈರಯ್ಯ ಕುರ್ಚಿಯ ಮೇಲೆ ಕೂತಿದ್ದ. ಬಿಳಿ ಅಂಗಿ, ಹಣೆಗೆ ವಿಭೂತಿ, ಕಾಲಿಗೆ ತೆಳ್ಳನೆಯ ಚರ್ಮದ ಚಪ್ಪಲಿ. ಪಕ್ಕದಲ್ಲಿ ಫಾರ್ಮು ಹಿಡಿದು ನಿಂತವಳು ಸಂಘದ ಶಿವಗಂಗಾ. ಹುಟ್ಟಿದ್ದು ಇಲ್ಲೇ ಗುಂಜಹಳ್ಳಿಯಲ್ಲಿ, ಓದಿ ಇಂಜಿನಿಯರಾಗಿ ಈಗ ಹೈದರಾಬಾದಿನಲ್ಲಿದ್ದಾಳೆ ಎಂದು ಈರಯ್ಯನೇ ಪರಿಚಯ ಹೇಳಿದ.

ಮೇಜಿನ ಮೇಲೆ ಸಲಾವುದ್ದೀನ್ ಆ ತಗಡಿಗೆ ಬಡಿಯಬಹುದಾದ ಸಾಮಾನುಗಳ ತುಂಡುಗಳನ್ನು ಜೋಡಿಸಿದ್ದ. ಒಂದೊಂದನ್ನೇ ಇಕ್ಕಳದಲ್ಲಿ ಹಿಡಿದು ಲೈಟರ್ ಹಚ್ಚಿ ತೋರಿಸತೊಡಗಿದ. ಡಾಂಬರು ಬಳಿದ ಗೋಣಿ ಭಗ್ಗನೆ ಹೊತ್ತಿಕೊಂಡಿತು. ಒಂದು ಕಡೆ ಬೆಳ್ಳಿ ಕಾಗದ ಅಂಟಿಸಿದ ಸ್ಪಂಜು ಕರಗಿ ತೊಟ್ಟಿಕ್ಕಿ, ಕರಿ ಹೊಗೆ ಶೆಡ್ಡು ತುಂಬಿತು. ಮೂರನೆಯದು ಕಲ್ನಾರಿನ ಹಲಗೆ. ಅದನ್ನು ಅವನು ಎತ್ತಲೇ ಇಲ್ಲ.

"ಇದು ಸುಡಂಗಿಲ್ಲ, ಖರೆ. ಆದ್ರ ಕೊಯ್ದಾಗ ಬರೋ ಪುಡಿ ಎದ್ಯಾಗ ಕುಂತ್ರ ಏಳಂಗಿಲ್ಲ. ನಮ್ಮ ಉಸ್ತಾದ್ ಇದನ್ನ ಕೊಯ್ದು ಕೊಯ್ದು ಕೆಮ್ಮಿ ಕೆಮ್ಮಿ ಹೋದ್ರು. ಯಾರು ಏನ ಅನ್ಲಿ, ನಾ ಇದಕ್ಕ ಗರಗಸ ಹಚ್ಚಂಗಿಲ್ಲ."

ನಾಲ್ಕನೆಯದು ಎರಡು ಕಡೆ ಬೆಳ್ಳಿ ಬಟ್ಟೆ ಹೊಲಿದ ಗಾಜಿನ ನಾರಿನ ಹಾಸು. ಲೈಟರು ಹಿಡಿದಷ್ಟು ಹೊತ್ತೂ ಅದು ಜಪ್ಪಯ್ಯ ಅನ್ನಲಿಲ್ಲ. ಈ ಕಡೆ ಬೆಂಕಿ, ಆ ಕಡೆ ಈರಯ್ಯ ಬೆರಳಿಟ್ಟರೆ ತಣ್ಣಗಿತ್ತು.

"ಇದನ್ನ ಹಾಕು ಮತ್ತ" ಎಂದ ಈರಯ್ಯ. "ಒಂದಲ್ಲ, ಎರಡು ಪದರ ಹಾಕು. ಎಲ್ಲಿಂದ ತರ್ಸಬೇಕು ತರ್ಸು. ಅದ್ರ ಮ್ಯಾಗ ಕಾಣಂಗ ಹೊಸಾ ಕಂಬಳಿ ಬಡಿ. ಐವತ್ತು ತುಂಬಿದ ಕಾರ್ಯಕ್ರಮಕ್ಕ ನಮ್ಮ ಬೀಗರು ಬಂದು ಇದ್ರಾಗ ಕುಂದ್ರತಾರ, ಕಾಲಿಗೆ ಬಿಸಿ ಹತ್ತಬಾರ್ದು."

"ಎಲ್ಲಿ ತನಕ ಕುಂದ್ರತಾರ್ರಿ ಬೀಗರು?" ಎಂದು ಕೇಳಿದ ಸಿದ್ದರಾಮಪ್ಪ. ದನಿ ಇನ್ನೂ ತಗ್ಗಿಯೇ ಇತ್ತು.

"ಗಿರಣಿ ಗೇಟಿನಿಂದ ಮಂಟಪದ ತನಕ."

ಎರಡು ಫರ್ಲಾಂಗು! ತಾನು ಹೈದರಾಬಾದಿಗೆ, ಬಳ್ಳಾರಿಗೆ, ಕರ್ನೂಲಿಗೆ ಕಾಲು ಬೇಯಿಸಿಕೊಂಡು ಹೋಗಿ ಬಂದ ಗಾಡಿಯಲ್ಲಿ ಎರಡು ಫರ್ಲಾಂಗು ಕೂರುವ ಬೀಗರ ಕಾಲಿಗೆ ಎರಡು ಪದರ. ಸಿದ್ದರಾಮಪ್ಪನ ಕಿವಿ ಬಿಸಿಯಾಯಿತು. ಹಲ್ಲು ಕಚ್ಚಿ ನಿಂತ.

ಅಷ್ಟರಲ್ಲಿ ಸಲಾವುದ್ದೀನ್ ಹಳೆಯ ಕಂಬಳಿಯಿಂದ ಒಂದು ಎಳೆ ಕಿತ್ತು ಅದಕ್ಕೂ ಬೆಂಕಿ ಹಿಡಿದ. ಎಳೆ ಚುರ್ರೆಂದು ಮುದುಡಿ, ಕೂದಲು ಸುಟ್ಟ ವಾಸನೆ ಬಂದು, ತಾನಾಗಿಯೇ ನಂದಿತು. ಇನ್ನೊಮ್ಮೆ ಹಿಡಿದ. ಮತ್ತೆ ನಂದಿತು.

"ನೋಡ್ರಿ, ಉಣ್ಣಿ ಹಂಗ ಹೊತ್ತಂಗಿಲ್ಲ" ಎಂದಳು ಶಿವಗಂಗಾ ಸಂತೋಷದಿಂದ. "ಡಾಂಬರು ಗೋಣಿ ಹಾಕೋ ಕಾಲದಾಗ ಫೈರ್‌ವಾಲ್ ಅಂತೀವಲ್ರಿ, ಈ ನಡುವಿನ ತಗಡು, ಅದಕ್ಕ ಇದನ್ನ ಕಟ್ಟಿದವ್ರು ಭಾಳ ತಿಳಿದವ್ರು."

"ನಮ್ಮ ತಂದಿಯವ್ರು" ಎಂದ ಈರಯ್ಯ, ಎದೆಯ ಮೇಲೆ ಕೈಯಿಟ್ಟು.

ಕಟ್ಟೆ ಒಡೆಯಿತು.

"ನಿಮ್ಮ ತಂದಿ ಕಟ್ಟಿದ್ದೇನ್ರಿ? ಎಲ್ಲಿ, ಯಾವತ್ತು? ಗಾಡ್ಯಾಗ ಕಾಲಿಟ್ಟು ಒಮ್ಮಿರ ನೋಡಿದ್ರೇನು ನಿಮ್ಮ ತಂದಿ?"

"ಸಿದ್ದರಾಮಪ್ಪ, ಸಾವಕಾಶ ಮಾತಾಡು. ಮನ್ಯಾಗಿಂದು ಅಂತ ನೀನ ಹೇಳೀದಿ."

"ಹೌದ್ರಿ, ಹೇಳೀನಿ! ಮನ್ಯಾಗಿಂದು! ನನಗ ಮನಿ ಇಲ್ಲೇನ್ರಿ? ಇಪ್ಪತ್ತಾರು ವರ್ಷ ನಾ ನಿಮ್ಮ ಸ್ಟೇರಿಂಗಿನ ಮ್ಯಾಗ ಹುಟ್ಟಿ ಸ್ಟೇರಿಂಗಿನ ಮ್ಯಾಗ ಮಲಗಿದ್ನೇನು? ಊರಾಗ ಇರೋದು ನಿಮ್ದೊಂದ ಮನೀನೇನು?"

ಶೆಡ್ಡಿನಲ್ಲಿ ಸುತ್ತಿಗೆಗಳು ನಿಂತವು. ಈರಯ್ಯ ಕೆಟ್ಟವನಲ್ಲ. ಅಪ್ಪ ಒಳ್ಳೆಯವನಾಗಿದ್ದ ಎಂದು ನಂಬಲು ಒಂದು ಕಂಬಳಿ ಸಿಕ್ಕಿದ್ದಕ್ಕೆ ಅವನು ನಿಜವಾಗಿ ಹಿಗ್ಗಿದ್ದ. ಈಗ ಹೊರಗಿನವಳ ಎದುರಿಗೆ, ಕೆಲಸಗಾರರ ಎದುರಿಗೆ, ತನ್ನ ಹಳೆಯ ಡ್ರೈವರು ಅದನ್ನು ಕಿತ್ತುಕೊಳ್ಳುತ್ತಿದ್ದ. ಅವನ ಮುಖವೂ ಕೆಂಪಾಯಿತು.

ಶಿವಗಂಗಾ ಫಾರ್ಮು ಮುಂದೆ ಹಿಡಿದಳು. "ನನಗ ಒಂದ ಮಾತು ಬೇಕ್ರಿ, ಅಜ್ಜಾ. ಗಾಡಿ ದುಡಿಯೋ ಕಾಲದಾಗ ಈ ತಗಡಿಗೆ ಏನು ಹಾಕಿದ್ರು?"

"ಏನೂ ಇಲ್ಲ. ಬರ್ಕೋರಿ. ಬರೇ ತಗಡು."

"ಏನೂ ಇದ್ದಿಲ್ಲ?"

"ಏನಂದ್ರ ಏನೂ ಇದ್ದಿಲ್ಲ. ಸಾವ್ಕಾರ್ರು ಕೊಟ್ಟದ್ದು ಬರೇ ತಗಡು. ಕಲ್ಲಿನ್ಯಾಗ ಬೇಕಾದ್ರ ಅದನ್ನ ಕೆತ್ತಿಸ್ರಿ."

ಅವಳು ಬರೆದುಕೊಂಡಳು. ಸಿದ್ದರಾಮಪ್ಪ ಪೆನ್ನು ಕಸಿದುಕೊಂಡಂತೆ ತೆಗೆದುಕೊಂಡು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದ.

ಈರಯ್ಯ ಕುರ್ಚಿಯಿಂದ ಎದ್ದ. "ಬರೇ ತಗಡಂತ ಬರೇ ತಗಡು. ಆಗ್ಲಿ! ಹಂಗಾದ್ರ ಹಂಗ ಓಡ್ಸು, ನೋಡೂಣು. ಮಾನ್ವಿ ತನಕ ನಾನೂ ನಿನ್ನ ಮಗ್ಗಲಕ ಕುಂದ್ರತೀನಿ. ತಗಡು ತಾಗಿ ಯಾರೂ ಸತ್ತಿಲ್ಲ."

"ಹತ್ರಿ" ಎಂದ ಸಿದ್ದರಾಮಪ್ಪ.

ಮೆಟ್ಟಿಲ ಹತ್ತಿರ ಬಂದಾಗ ಅವನ ಕಾಲು ಹಳೆಯ ರೂಢಿಯಿಂದ ಚಪ್ಪಲಿ ಬಿಟ್ಟುಬಿಟ್ಟಿತು. ಒಳಗೆ ಕಂಬಳಿ ಇಲ್ಲವೆಂದು ನೆನಪಾಗಿ ಮತ್ತೆ ಹಾಕಿಕೊಂಡ. ಹಾಕಿಕೊಳ್ಳುವಾಗ ಇನ್ನಷ್ಟು ಸಿಟ್ಟು ಬಂತು. ನಡುವೆ ಸಲಾವುದ್ದೀನ್, ಆಚೆ ಈರಯ್ಯ. ಹಿಂದೆ ಡ್ರೈವರನೊಬ್ಬನೇ ಇದ್ದ ಈರಯ್ಯನ ಕಾರು. ಏಪ್ರಿಲ್ ತಿಂಗಳ ರಾಯಚೂರಿನ ಮಧ್ಯಾಹ್ನ, ಅದರ ಮೇಲೆ ಇಂಜಿನ್ನು.

ಊರು ದಾಟುವ ತನಕ ಈರಯ್ಯ ಎರಡೂ ಪಾದ ನೆಟ್ಟಗೆ ಊರಿ ಗತ್ತಿನಿಂದ ಕೂತಿದ್ದ. ಆಮೇಲೆ ಒಂದು ಕಾಲು ಎತ್ತಿ ಇನ್ನೊಂದರ ಮೇಲಿಟ್ಟ. ಆಮೇಲೆ ಅದನ್ನಿಳಿಸಿ ಇದನ್ನೆತ್ತಿದ. ಆಮೇಲೆ ಎರಡನ್ನೂ ಸೀಟಿನ ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿದ. ಅಷ್ಟರಲ್ಲಿ ಎದುರಿಗೊಂದು ಟ್ರ್ಯಾಕ್ಟರು ಬಂದು ಸಿದ್ದರಾಮಪ್ಪ ಬ್ರೇಕು ಒತ್ತಿದ. ಮುಂದಕ್ಕೆ ಮುಗ್ಗರಿಸಿದ ಈರಯ್ಯ ಬೀಳದಿರಲು ಕಾಲನ್ನು ತಗಡಿಗೆ ಕೊಟ್ಟ. ಚಪ್ಪಲಿ ಸೀಟಿನ ಕೆಳಗೇ ಉಳಿದಿತ್ತು. ಅವನು ಕೂಗಿದ್ದು ಇಂಜಿನ್ನಿನ ಸದ್ದನ್ನೂ ದಾಟಿ ಕೇಳಿತು. ಸಲಾವುದ್ದೀನ್ ಪಾಪ ಹೊರಗೆ ನೋಡುತ್ತ ಕೂತ, ನಗು ಬಂದದ್ದು ಕಾಣಬಾರದೆಂದು.

ಕಲ್ಮಲದಲ್ಲಿ ಗಾಡಿ ನಿಲ್ಲಿಸಲು ಹೇಳಿ ಈರಯ್ಯ ಇಳಿದ. ಬಾಟಲಿಯ ನೀರನ್ನೆಲ್ಲ ಪಾದಕ್ಕೆ ಸುರಿದುಕೊಂಡ. ಅಂಗಾಲು ಕೆಂಪಗಾಗಿತ್ತು.

"ಇಷ್ಟು ಕಾವದಲ್ಲೋ ಸಿದ್ದರಾಮಪ್ಪ! ಒಂದಿನನಾರ ಹೇಳಬಾರ್ದೇನು ನೀ?"

ಇಷ್ಟು ವರ್ಷದ ಸಿಟ್ಟೆಲ್ಲ ಒಂದು ಕಡೆ, ಆ ಒಂದು ಪ್ರಶ್ನೆಗೆ ಬಂದ ಸಿಟ್ಟು ಒಂದು ಕಡೆ. ಸಿದ್ದರಾಮಪ್ಪ ಸ್ಟೇರಿಂಗ್ ಬಿಟ್ಟು ಕೆಳಗಿಳಿದ.

"ಪ್ರತಿ ದಸರಾಕ್ಕ ಹೇಳೀನ್ರಿ. ಗಾದಿ ಮುಂದ ನಿಂತು, ಕೈ ಕಟ್ಕೊಂಡು ಹೇಳೀನಿ. ನಿಮ್ಮಪ್ಪಾರ ಮಗ್ಗಲಕ ನೀವೂ ಕುಂತಿರ್ತಿದ್ರಿ. ಕೇಳೋರ ಕಾಲು ಸುಡೋ ತನಕ ಕಿವಿಗೆ ಹೋಗಂಗಿಲ್ಲ ಅಂದ್ರ ನಾ ಏನು ಮಾಡ್ಲಿ?"

ಈರಯ್ಯ ತಲೆ ತಗ್ಗಿಸಿ ಪಾದ ಒರೆಸಿಕೊಂಡ. ಆಮೇಲೆ ಪ್ರಭುರಾಜನಿಗೆ ಫೋನು ಮಾಡಿ, ಕಂಬಳಿಯ ಮಾತನ್ನು ಕಲ್ಲಿನಿಂದ ತೆಗೆಸು ಎಂದ. ಸಲಾವುದ್ದೀನನಿಗೆ ಬೆಳ್ಳಿ ಹಾಸನ್ನಷ್ಟೇ ಬಡಿ, ಕಂಬಳಿ ಗಿಂಬಳಿ ಬೇಡ, ಆ ಹಳೇದನ್ನೂ ಎಸೆದುಬಿಡು ಎಂದ. ಕುಂಟುತ್ತ ಹೋಗಿ ಕಾರು ಹತ್ತಿದ. ಸಲಾವುದ್ದೀನ್ ಲಾರಿ ತಿರುಗಿಸಿಕೊಂಡು ರಾಯಚೂರಿಗೆ ಹೋದ.

ಸಿದ್ದರಾಮಪ್ಪ ಕಲ್ಮಲದಲ್ಲೇ ದೇವದುರ್ಗದ ಬಸ್ಸು ಹತ್ತಿದ. ಕುಸ್ತಿ ಗೆದ್ದವನ ಹಾಗೆ ಎರಡು ಸೀಟು ತುಂಬಿ ಕೂತ. ದೇವದುರ್ಗದಲ್ಲಿ ಇಳಿದು ಬಿಸಿ ಭಜಿ ಕಟ್ಟಿಸಿಕೊಂಡ. ಅರಕೇರಾ ತಲುಪುವಾಗ ಇನ್ನೂ ಬಿಸಿಲಿತ್ತು.

ಆದೆಮ್ಮ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತಿದ್ದಳು. ಭಜಿಯ ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟು ಅವನು ಶುರು ಮಾಡಿದ. ಬೀಗರ ಕಾಲಿನಿಂದ ಹಿಡಿದು ಸಾಹುಕಾರನ ಕೂಗಿನ ತನಕ ಒಂದನ್ನೂ ಬಿಡದೆ ಹೇಳಿದ. ಕೂಗನ್ನು ಎರಡು ಸಲ ಕೂಗಿ ತೋರಿಸಿದ. ಆದೆಮ್ಮ ನೂಲುತ್ತಲೇ ಕೇಳಿದಳು. ಕೂಗಿಗೆ ನಕ್ಕಳು ಕೂಡ.

"ಬಾಯಿ ಮುಚ್ಚಿಸಿ ಬಂದೆ ನೋಡು. ಏನಿತ್ತು ಅಂತ ಕೇಳಿದ್ಳು ಆಕಿ. ಏನೂ ಇದ್ದಿಲ್ಲ, ಬರೇ ತಗಡು, ಬರ್ಕೋ ಅಂದೆ. ಬರ್ಕೊಂಡ್ಳು. ಸಹಿ ಒಗದು ಬಂದೆ."

ರಾಟೆ ನಿಂತಿತು.

"ಏನಂದಿ?"

"ಬರೇ ತಗಡು ಅಂದೆ."

"ಏನೂ ಇದ್ದಿಲ್ಲ ಅಂದಿ?"

"ಹೂಂ ಮತ್ತ. ಅವ್ರಪ್ಪ ಏನು ಕೊಟ್ಟಿದ್ದ, ಮಣ್ಣು?"

ಆದೆಮ್ಮ ಕೈಯಲ್ಲಿದ್ದ ಉಣ್ಣೆಯನ್ನು ಬುಟ್ಟಿಗೆ ಹಾಕಿದಳು. ಅವಳಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ. ಅದಕ್ಕೇ ಅವಳಿಗೆ ಸಿಟ್ಟು ಬರುವುದಿಲ್ಲವೆಂದು ಗಂಡ ನಲವತ್ತಾರು ವರ್ಷದಿಂದ ತಿಳಿದುಕೊಂಡಿದ್ದ.

"ಆಗ ನೂತಿದ್ದು ಯಾರು? ನಾನು. ನೇಯ್ದಿದ್ದು ಯಾರು? ನಮ್ಮಪ್ಪ. ಅದರ ಮ್ಯಾಗ ಕುಂತು ಮದುವಿ ಅಕ್ಕಿಕಾಳು ಹಾಕಿಸ್ಕೊಂಡ ಕಂಬಳಿಗೆ ಕತ್ತರಿ ಹಚ್ಚಿದ್ದು ಯಾರು? ಎರಡು ಸಲ ಕತ್ತರಿ ಕೆಳಗಿಟ್ಟೀನಿ. ಉಳಿದ ಅರ್ಧ ಹೊದ್ಕೊಂಡು ಎರಡು ಕೂಸು ಹಡದೀನಿ, ಕಾಲು ಮುಚ್ಚಿದ್ರ ತಲಿ ಬಯಲು. ಪ್ರಭುರಾಜ ಆ ತುಂಡು ತಂದು ನನ್ನ ಮುಂದ ಹಿಡಿದಾಗ ನೀ ಏನಂದಿ? ನನ್ನ ಕಂಬಳಿ, ನನ್ನ ಕಂಬಳಿ ಅಂತ ಕುಣದಿ. ಆಗ್ಲಿ, ಸಿಟ್ಟಿನ್ಯಾಗ ಅದಾನ ಅಂತ ಸುಮ್ಮ ಕುಂತೆ. ರಾಯಚೂರಿಗೆ ಹೋಗಿ ನಾಕು ಮಂದ್ಯಾಗರ ಹೇಳ್ತಾನ ಅಂತ ಕುಂತೆ."

"ಏ, ಅದು ಹಂಗಲ್ಲ..."

"ಮತ್ತ ಹೆಂಗ? ಸಾವ್ಕಾರ ಅವ್ರಪ್ಪಂದು ಅಂದ. ನೀ ಏನೂ ಇದ್ದಿಲ್ಲ ಅಂದಿ. ನಂದು ಅಂತ ಯಾರಂದ್ರಿ? ಇಬ್ರು ಗಂಡಸ್ರು ಅಷ್ಟೊತ್ತು ಬಡಿದಾಡೀರಿ, ನಂದು ಅಂತ ಒಬ್ರರ ಅಂದ್ರೇನು? ಅವನರ ಕಂಬಳಿ ಇತ್ತು ಅಂತ ಬರಸ್ತಿದ್ದ. ನೀ ಅದನ್ನೂ ಅಳಿಸಿ ಬಂದಿ!"

ಸಿದ್ದರಾಮಪ್ಪ ಕೈಯಲ್ಲಿದ್ದ ಭಜಿಯನ್ನು ಪೊಟ್ಟಣಕ್ಕೆ ವಾಪಸು ಹಾಕಿದ. ಅವಳು ಹೇಳಿದ್ದರಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ, ಅದೇ ಕಷ್ಟ.

ಅವನು ಕೈ ಒರೆಸಿಕೊಂಡು ಮೊಬೈಲು ತೆಗೆದ. ಸಲಾವುದ್ದೀನನಿಗೆ ಹಚ್ಚಿದ. ಹಳೇ ಕಂಬಳಿ ಎಸೆದಿಲ್ಲ, ಎತ್ತಿಟ್ಟೀನಿ ಎಂದ ಸಲಾವುದ್ದೀನ್. ಶಿವಗಂಗಾ ಇನ್ನೂ ಅಲ್ಲೇ ಗಾಡಿಯ ಫೋಟೋ ತೆಗೆಯುತ್ತಿದ್ದಳು. ಸಲಾವುದ್ದೀನ್ ಅವಳ ಕೈಗೆ ಫೋನು ಕೊಟ್ಟ.

"ಯವ್ವಾ, ನಾ ಸಿದ್ದರಾಮಪ್ಪ. ಮಧ್ಯಾಹ್ನ ನಾ ತಪ್ಪು ಬರಸೀನಿ. ತಗಡಿಗೆ ಕಂಬಳಿ ಇತ್ತು. ಇಪ್ಪತ್ತಾರು ವರ್ಷದಾಗ ಒಂದು ವರ್ಷ ಬಿಟ್ಟು ಎಲ್ಲಾ ವರ್ಷ ಇತ್ತು."

"ಹಂಗಾದ್ರ ತಿದ್ದತೀನಿ, ಅಜ್ಜಾ. ಯಾರು ಹಾಕಿದ್ದು ಅಂತ ಬರೀಲಿ?"

"ನಮ್ಮನಿದು."

"ಮನಿದು ಅಂತ ಬರದ್ರ ಮತ್ತ ಅದ ಗೊಂದಲ ಆಗತದ್ರಿ. ಯಾರ್ದು?"

"ನಮ್ಮ ಮನಿಯಾಕಿದು."

"ಹೆಸರು ಹೇಳ್ರಿ."

ಸಿದ್ದರಾಮಪ್ಪ ತಡೆದ. ಆ ಊರಿನ ಹಳೆಯ ಗಂಡಸರು ಹೆಂಡತಿಯ ಹೆಸರು ಹಿಡಿಯುವುದಿಲ್ಲ. ಇಕಿ, ಆಕಿ, ಮಗಳ ಹೆಸರು ಹಿಡಿದು ಮಲ್ಲೇಶ್ವರಿ ಅವ್ವ, ನಮ್ಮನಿಯಾಕಿ, ಇಷ್ಟರಲ್ಲೇ ಅವರ ಸಂಸಾರ ಮುಗಿಯುತ್ತದೆ. ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತು ಹೇಳಿಸಿದಾಗ ಒಮ್ಮೆ ಹೇಳಿದ್ದ. ಅದೇ ಮೊದಲು, ಅದೇ ಕೊನೆ.

ಆದೆಮ್ಮ ಅವನನ್ನೇ ನೋಡುತ್ತ ಕೂತಿದ್ದಳು. ಮುಖ ತಿರುಗಿಸಲಿಲ್ಲ.

"ಆದೆಮ್ಮ" ಎಂದ ಅವನು, ಗಂಟಲಲ್ಲೇ.

"ಏನ್ರಿ? ಕೇಳ್ಸಲಿಲ್ಲ. ಇಲ್ಲಿ ಸುತ್ತಿಗಿ ಸಪ್ಪಳ ಭಾಳ ಅದ."

"ಆದೆಮ್ಮ! ಆದೆಮ್ಮ ಅಂತ ಬರ್ಕೋರಿ! ನೂತಾಕಿನೂ ಆಕಿ, ಕೊಟ್ಟಾಕಿನೂ ಆಕಿ!"

ಓಣಿಯಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಗಸರು ಮೊರ ನಿಲ್ಲಿಸಿ ಇತ್ತ ನೋಡಿದರು. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಸಿದ್ದರಾಮಪ್ಪ ಬೆವರು ಒರೆಸಿಕೊಂಡು ಫೋನು ಕೆಳಗಿಡಲು ಹೋದ.

"ಬರ್ಕೊಂಡ್ಳೇನು ಕೇಳು" ಎಂದಳು ಆದೆಮ್ಮ.